ಪಿಕಪ್ ಮಾಡು, ಪಿಕಪ್ ಆಗು

ಬೂದಿಗೆರೆಯಲ್ಲಿ ನಾವು ದಿನಕ್ಕೆ ಎಷ್ಟು ಸಲ ‘ಪಿಕಪ್’ ಎನ್ನುತ್ತೇವೆಂದು ಯಾರೂ ಲೆಕ್ಕ ಇಟ್ಟಿಲ್ಲ. ಬಸ್ಸು ನಿಲ್ಲುವ ಕಡೆಯ ಚಹಾದಂಗಡಿಯಲ್ಲಿ ಬೆಳಗ್ಗೆ ಅರ್ಧ ತಾಸು ಕುಳಿತರೆ ಸಾಕು, ಈ ಪದದ ಎಲ್ಲ ವೇಷಗಳೂ ಕಿವಿಯ ಮುಂದೆ ಹಾದುಹೋಗುತ್ತವೆ. ‘ಈ ಗಾಡಿಗೆ ಪಿಕಪ್ಪೇ ಇಲ್ಲ, ಏರು ಬಂದರೆ ಏದುಸಿರು ಬಿಡುತ್ತೆ’ ಎಂದು ಒಬ್ಬರು. ‘ಹಬ್ಬ ಹತ್ತಿರ ಬಂತಲ್ಲ, ವ್ಯಾಪಾರ ಈಗ ಸ್ವಲ್ಪ ಪಿಕಪ್ ಆಗಿದೆ’ ಎಂದು ಇನ್ನೊಬ್ಬರು. ‘ಸೊಪ್ಪೆಲ್ಲ ಪಿಕಪ್ಪಿಗೆ ಹಾಕಿ ಕಳಿಸಿದೆ’ ಎಂದರೆ ಅದು ಹಿಂದೆ ತೆರೆದ ತೊಟ್ಟಿಯಿರುವ ಪುಟ್ಟ ಲಾರಿ. ‘ನಾಲ್ಕು ಗಂಟೆಗೆ ಏರ್‌ಪೋರ್ಟ್ ಪಿಕಪ್ ಇದೆ’ ಎಂದರೆ ಅದೊಂದು ಕೆಲಸ, ಅವತ್ತಿನ ಅನ್ನ. ‘ಹತ್ತು ಸಲ ಮಾಡಿದೆ, ಫೋನು ಪಿಕ್ ಮಾಡಲಿಲ್ಲ’ ಎಂಬುದು ದೂರು. ‘ಹುಡುಗಿ ಇಂಗ್ಲಿಷು ಬೇಗ ಪಿಕಪ್ ಮಾಡ್ಕೊಂಡಳು’ ಎಂಬುದು ಹೆಮ್ಮೆ. ಇವುಗಳ ನಡುವೆ ದನಿ ತಗ್ಗಿಸಿ ಆಡುವ ಇನ್ನೊಂದು ವಾಕ್ಯವೂ ಇದೆ: ‘ರಾತ್ರಿ ಅವನನ್ನ ಪಿಕಪ್ ಮಾಡಿದ್ರಂತೆ.’ ಅದರ ಬಗ್ಗೆ ಮುಂದೆ ಹೇಳುತ್ತೇವೆ.

ಇಷ್ಟೂ ಅರ್ಥಗಳನ್ನು ನಮಗೆ ಯಾರೂ ಕಲಿಸಿದ್ದಲ್ಲ. ಕಲಿಸಿದ್ದು ಒಂದೇ. ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಎರಡು ಸಾಲು ಎಳೆದು, ಎಡಕ್ಕೆ ಇಂಗ್ಲಿಷಿನ ಜೋಡಿಪದ, ಬಲಕ್ಕೆ ಕನ್ನಡದ ಅರ್ಥ ಬರೆಸುತ್ತಿದ್ದರು. ‘ಪಿಕ್ ಅಪ್’ ಎಂದರೆ ‘ಎತ್ತಿಕೊ’. ‘ಗಿವ್ ಅಪ್’ ಎಂದರೆ ‘ಬಿಟ್ಟುಬಿಡು’. ‘ಪುಟ್ ಆಫ್’ ಎಂದರೆ ‘ಮುಂದೂಡು’. ನಾವು ಬಾಯಿಪಾಠ ಮಾಡಿದೆವು. ಆ ಪಟ್ಟಿಯಲ್ಲಿ ಇದ್ದ ಅರ್ಥದಲ್ಲಿ, ಅಂದರೆ ನೆಲದ ಮೇಲೆ ಬಿದ್ದ ಪೆನ್ಸಿಲನ್ನು ಎತ್ತಿಕೊಳ್ಳುವ ಅರ್ಥದಲ್ಲಿ, ನಮ್ಮೂರಿನಲ್ಲಿ ಯಾರಾದರೂ ‘ಪಿಕಪ್’ ಎಂದದ್ದನ್ನು ನಾವು ಇಂದಿನವರೆಗೆ ಕೇಳಿಲ್ಲ. ಪೆನ್ಸಿಲನ್ನು ಎಲ್ಲರೂ ‘ಎತ್ಕೊ’ ಎಂದೇ ಹೇಳುತ್ತಾರೆ. ನಮ್ಮ ಬಳಿ ಒಳ್ಳೆಯ ಪದ ಇದ್ದ ಕಡೆ ಇಂಗ್ಲಿಷಿಗೆ ನಾವು ಜಾಗ ಕೊಡಲಿಲ್ಲ.

ಇಂಗ್ಲಿಷಿನವರಿಗೂ ಈ ಜೋಡಿಪದಗಳು ಸುಲಭದ ತುತ್ತಾಗಿರಲಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ನಿಘಂಟನ್ನು ಹೊರತಂದಾಗ, ಕ್ರಿಯಾಪದದ ಬಾಲಕ್ಕೆ ಒಂದು ಸಣ್ಣ ಪದ ಸೇರಿ ಅರ್ಥವೇ ಬದಲಾಗುವ ಈ ರೀತಿ ಪರಕೀಯರಿಗೆ ಬಹಳ ಕಷ್ಟವೆಂದು ಮುನ್ನುಡಿಯಲ್ಲೇ ಗುರುತಿಸಿದ್ದ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಇನ್ನೂ ತಡವಾಗಿ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬಾತ ತನ್ನ ಪುಸ್ತಕವೊಂದರಲ್ಲಿ ಆ ಹೆಸರನ್ನು ಬಳಸಿದ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬನಾಗಿದ್ದ ಹೆನ್ರಿ ಬ್ರಾಡ್ಲಿ ಅದನ್ನು ಸೂಚಿಸಿದನೆಂದು ಅವನೇ ಹೇಳಿಕೊಂಡಿದ್ದಾನೆ. ಅಂದರೆ ಇಂಗ್ಲಿಷರು ನೂರಾರು ವರ್ಷ ಹೆಸರಿಲ್ಲದೆಯೇ ಇವನ್ನು ಬಳಸಿದರು. ನಮ್ಮ ಚಾಲಕರು ಈಗ ಮಾಡುತ್ತಿರುವುದೂ ಅದನ್ನೇ.

ಆದರೆ ನಮ್ಮ ಬಾಯಿಗೆ ಬಂದಾಗ ಅದು ಹಾಗೇ ಉಳಿಯಲಿಲ್ಲ. ಇಂಗ್ಲಿಷಿನಲ್ಲಿ ‘ಪಿಕ್’ ಮತ್ತು ‘ಅಪ್’ ಎರಡು ಪದ. ಬೇಕಾದಾಗ ದೂರ ಸರಿದು ನಡುವೆ ಇನ್ನೊಂದಕ್ಕೆ ಜಾಗ ಬಿಡುತ್ತವೆ. ನಮ್ಮಲ್ಲಿ ಅವು ಬೆಸೆದುಕೊಂಡು ‘ಪಿಕಪ್’ ಎಂಬ ಒಂದೇ ಪದವಾದವು. ‘ಬೂದಿ’ಗೆ ‘ಕೆರೆ’ ಸೇರಿ ‘ಬೂದಿಗೆರೆ’ ಆಗುವ ನೆಲದಲ್ಲಿ ಇದೇನೂ ಆಶ್ಚರ್ಯವಲ್ಲ. ಪಂಡಿತರು ಇದನ್ನು ಸಂಧಿಯೆಂದು ಒಪ್ಪದಿರಬಹುದು, ಇರಲಿ. ಬೆಸೆದುಕೊಂಡ ಮೇಲೆ ಅದು ಕ್ರಿಯಾಪದವಾಗಿಯೂ ಉಳಿಯಲಿಲ್ಲ, ನಾಮಪದವಾಯಿತು. ನಾಮಪದವಾದ ಮೇಲೆ ಕನ್ನಡ ಅದಕ್ಕೆ ತನ್ನದೇ ಎರಡು ಬಾಗಿಲು ತೆರೆಯಿತು: ಒಂದು ‘ಮಾಡು’, ಇನ್ನೊಂದು ‘ಆಗು’. ಯಾರೋ ಮಾಡಿದ್ದಾದರೆ ‘ಪಿಕಪ್ ಮಾಡಿದ’. ತಾನಾಗಿಯೇ ಆದದ್ದಾದರೆ ‘ಪಿಕಪ್ ಆಯಿತು’. ವ್ಯಾಪಾರವನ್ನು ಯಾರೂ ಪಿಕಪ್ ಮಾಡುವುದಿಲ್ಲ, ಅದು ಆಗುತ್ತದೆ. ಪ್ರಯಾಣಿಕರು ತಾವಾಗಿ ಪಿಕಪ್ ಆಗುವುದಿಲ್ಲ, ಅವರನ್ನು ಮಾಡಬೇಕು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ. ಈ ಭೇದ ನಮ್ಮದು. ತನಗಾಗಿ ಮಾಡಿಕೊಂಡರೆ ‘ಕೊಳ್ಳು’ ಬಂದು ಸೇರುತ್ತದೆ, ಅದಕ್ಕೇ ಭಾಷೆಯನ್ನು ‘ಪಿಕಪ್ ಮಾಡಿಕೊಳ್ಳುವುದು’. ಕೆಲಸ ಪೂರ್ತಿ ಮುಗಿಯಬೇಕೆಂದರೆ ‘ಬಿಡು’ ಬರುತ್ತದೆ: ‘ಬರ್ತಾ ಅವರನ್ನೂ ಪಿಕಪ್ ಮಾಡಿಬಿಡು.’ ಇಂಗ್ಲಿಷಿನವರು ‘ಈಟ್ ಅಪ್’ ಎನ್ನುವಾಗ ಆ ‘ಅಪ್’ ಮಾಡುವ ಕೆಲಸವನ್ನೇ ನಮ್ಮ ‘ತಿಂದುಬಿಡು’ವಿನ ‘ಬಿಡು’ ಮಾಡುತ್ತದೆ. ಇದನ್ನು ಆ ಮೇಷ್ಟ್ರು ಹೇಳಿದ್ದರೆ ನಮ್ಮ ಅರ್ಧ ಬಾಯಿಪಾಠ ತಪ್ಪುತ್ತಿತ್ತು.

ಈ ‘ಮಾಡು’ ‘ಆಗು’ಗಳ ಬಾಗಿಲು ಇಂಗ್ಲಿಷಿಗಾಗಿ ಹೊಸದಾಗಿ ಕೊರೆದದ್ದಲ್ಲ ಎಂಬುದನ್ನು ನಮ್ಮಂಥವರು ಬೇಗ ಗುರುತಿಸುತ್ತೇವೆ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ ಆಡುವ ನಾವು ಎರಡರಲ್ಲೂ ಅದೇ ಪದಗಳನ್ನು ಕಾಣುತ್ತಾ ಬೆಳೆದವರು. ಜಮಾ ಮಾಡು, ಖರ್ಚು ಮಾಡು, ತಯಾರು ಮಾಡು, ರದ್ದು ಮಾಡು, ವಜಾ ಮಾಡು, ಜಪ್ತಿ ಮಾಡು, ದಾಖಲು ಮಾಡು. ರಾಜಿ ಆಗು, ಮಂಜೂರು ಆಗು, ಹಾಜರು ಆಗು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ, ಶಿರಾದ ಮೊಗಲ್ ಸುಬೇದಾರಿಯಲ್ಲಿ, ಆಮೇಲೆ ಹೈದರ್-ಟಿಪ್ಪು ಆಡಳಿತದಲ್ಲಿ ಅರಬಿ-ಪಾರಸಿ ಪದಗಳು ಬಂದದ್ದು ಇದೇ ಬಾಗಿಲಿನಿಂದ. ನಮ್ಮ ತಾಲೂಕು ಕೇಂದ್ರ ದೇವನಹಳ್ಳಿ ಟಿಪ್ಪು ಹುಟ್ಟಿದ ಊರು. ಅಲ್ಲಿನ ತಾಲೂಕು ಕಚೇರಿಯಲ್ಲಿ ಇವತ್ತಿಗೂ ಅರ್ಜಿ ಕೊಡದೆ, ನಕಲು ಪಡೆಯದೆ, ರುಜು ಹಾಕದೆ ಕೆಲಸ ಸಾಗದು. ಇವು ಪರಭಾಷೆಯ ಪದಗಳೆಂದು ಸಾಲಿನಲ್ಲಿ ನಿಂತ ರೈತನಿಗೆ ಹೇಳಿದರೆ ನಗುತ್ತಾನೆ.

ಬಹಳ ದಿನ ಉಳಿದ ಪದಕ್ಕೆ ಕನ್ನಡ ಇನ್ನೊಂದು ಮರ್ಯಾದೆ ಮಾಡುತ್ತದೆ. ‘ಮಾಡು’ವಿನ ಹಂಗು ತಪ್ಪಿಸಿ ‘ಇಸು’ ಪ್ರತ್ಯಯವನ್ನು ಕೊಡುತ್ತದೆ. ಖರೀದಿ ‘ಖರೀದಿಸು’ ಆಯಿತು, ಜಮಾ ‘ಜಮಾಯಿಸು’ ಆಯಿತು, ಬದಲು ‘ಬದಲಾಯಿಸು’ ಆಯಿತು. ‘ಇಸು’ ಸಿಕ್ಕಿತೆಂದರೆ ರೇಷನ್ ಕಾರ್ಡ್ ಸಿಕ್ಕಂತೆ, ಮತ್ತೆ ಯಾರೂ ಎಲ್ಲಿಂದ ಬಂದೆ ಎಂದು ಕೇಳುವುದಿಲ್ಲ. ‘ಪಿಕಪ್ಪಿಸು’ ಎಂದು ನಾವಿನ್ನೂ ಕೇಳಿಲ್ಲ. ಬರಹದ ಕನ್ನಡವೂ ಅದನ್ನು ಜಗುಲಿಯ ಮೇಲೇ ಕೂರಿಸಿದೆ.

ನಮ್ಮೂರಿನ ಮಟ್ಟಿಗೆ ಈ ಪದದ ಭಾಗ್ಯ ತೆರೆದದ್ದು 2008ರ ಮೇ 24ರಂದು, ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ದಿನ. ಅದಕ್ಕೂ ಮೊದಲು ‘ಪಿಕಪ್’ ಎಂದರೆ ಗಾಡಿಯ ಎಳೆಯುವ ಶಕ್ತಿ, ಇಲ್ಲವೇ ದ್ರಾಕ್ಷಿ, ತರಕಾರಿ, ರೇಷ್ಮೆಗೂಡು ಹೊರುವ ವಾಹನ. ನಿಲ್ದಾಣ ಬಂದ ಮೇಲೆ ಹಳೇ ಮದ್ರಾಸ್ ರಸ್ತೆಯ ಬೂದಿಗೆರೆ ಕ್ರಾಸಿನಿಂದ ನಮ್ಮೂರಿನ ಮೂಲಕ ಅಲ್ಲಿಗೆ ಹೋಗುವ ದಾರಿ ಪೇಟೆಯವರ ಒಳದಾರಿಯಾಯಿತು. ಜಮೀನಿನ ರೇಟು ಪಿಕಪ್ ಆಯಿತು. ತೋಟಗಳು ಲೇಔಟ್ ಆದವು. (ಇದೂ ಇಂಗ್ಲಿಷಿನಲ್ಲಿ ಮೂಲತಃ ಹರಡಿ ಹಾಸುವ ಕ್ರಿಯೆ. ನಮ್ಮಲ್ಲಿ ಕಲ್ಲು ನೆಟ್ಟ ಬಯಲು.) ಜಮೀನು ಇದ್ದವರು ಮಾರಿದರು, ಇಲ್ಲದವರ ಮಕ್ಕಳು ಸ್ಟಿಯರಿಂಗ್ ಹಿಡಿದರು. ಕೆಲವು ವರ್ಷಗಳಲ್ಲಿ ಮೊಬೈಲಿನಲ್ಲಿ ಕರೆಯುವ ಟ್ಯಾಕ್ಸಿಗಳು ಬಂದವು, ‘ಪಿಕಪ್’ಗೆ ‘ಡ್ರಾಪ್’ ಎಂಬ ಜೋಡಿ ಸಿಕ್ಕಿತು. ‘ಪಿಕಪ್ ಎಲ್ಲಿ? ಡ್ರಾಪ್ ಎಲ್ಲಿ?’ ಎಂಬ ಎರಡು ಪ್ರಶ್ನೆಗಳ ನಡುವೆ ನಮ್ಮ ಹುಡುಗರ ಇಡೀ ದಿನ ಕಳೆಯುತ್ತದೆ.

ನಮ್ಮ ತಂಗಿಯ ಮಗನೂ ಅವರಲ್ಲೊಬ್ಬ. ಒಂದು ಸಂಜೆ ಅವನು ನಿಲ್ದಾಣದಿಂದ ಒಬ್ಬರನ್ನು ಕರೆದೊಯ್ದು ಮನೆ ಮುಟ್ಟಿಸಿದ. ಮಾರನೆಯ ದಿನ ಅವನ ಕಂಪನಿ ಆ ಓಟದ ಹಣ ಹಿಡಿದುಕೊಂಡಿತು. ಕಾರಣ ಕೇಳಿದರೆ, ‘ಡ್ರೈವರ್ ಡಿಡ್ ನಾಟ್ ಪಿಕ್ ಅಪ್’ ಎಂದು ಪ್ರಯಾಣಿಕರು ಬರೆದಿದ್ದಾರಂತೆ. ‘ಅವರ ಸೂಟ್‌ಕೇಸ್ ಕೂಡ ನಾನೇ ಎತ್ತಿ ಇಟ್ಟಿದ್ದೀನಿ ಮಾಮೂ, ಪಿಕಪ್ ಮಾಡಲಿಲ್ಲ ಅಂತ ಹೇಗೆ ಬರೀತಾರೆ?’ ಎಂದು ಅವನು ಅಳುಮೋರೆ ಮಾಡಿದ. ನಾವು ಮನೆಯವರೆಲ್ಲ ಸೇರಿ ಆ ಒಂದು ಸಾಲನ್ನು ಶಾಸನ ಓದಿದಂತೆ ಓದಿದೆವು. ಆಮೇಲೆ ಹೊಳೆಯಿತು. ಅವನು ಗಾಡಿ ಓಡಿಸುತ್ತಿದ್ದಾಗ ಆ ಪ್ರಯಾಣಿಕರು ಮೂರು ಸಲ ಫೋನು ಮಾಡಿದ್ದರು, ಅವನು ಎತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಯಾರನ್ನು ಎಂದು ಹೇಳದೆ ಬರೀ ‘ಪಿಕ್ ಅಪ್’ ಎಂದರೆ ಫೋನು. ಆಳನ್ನಾದರೆ, ಆ ಆಳಿನ ಸರ್ವನಾಮ ನಡುವೆ ಬಂದು ಕೂರಬೇಕು: ‘ಪಿಕ್ ಮಿ ಅಪ್.’ ಬರೆದವರಿಗೆ ಅದು ಗೊತ್ತಿತ್ತು. ಓದಿದವರಿಗೆ ಗೊತ್ತಿರಲಿಲ್ಲ, ಅಥವಾ ಓದಿದ್ದು ಮನುಷ್ಯರೇ ಆಗಿರಲಿಲ್ಲ. ನಾವು ಉತ್ತರ ಬರೆಸಿದೆವು: ‘ಐ ಪಿಕ್ಡ್ ಹಿಮ್ ಅಪ್. ಐ ಡಿಡ್ ನಾಟ್ ಪಿಕ್ ಅಪ್ ಹಿಸ್ ಕಾಲ್ಸ್.’ ನಾಲ್ಕು ದಿನಕ್ಕೆ ಹಣ ವಾಪಸ್ಸು ಬಂತು. ಕಳೆದ ಅಂಕ ವಾಪಸ್ಸು ಬರಲಿಲ್ಲ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿಗೇ ನಪಾಸಾದ ಹುಡುಗ ಅವನು. ಆ ದಿನದಿಂದ ಸರ್ವನಾಮ ಎಲ್ಲಿ ಕೂರಬೇಕೆಂದು ತನ್ನ ಜೊತೆಯ ಚಾಲಕರಿಗೆಲ್ಲ ಪಾಠ ಹೇಳುತ್ತಾನೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಒಳ್ಳೆಯದೇ ಆಯಿತು ಎನ್ನುವವರು ನಾವು. ಆದರೆ ಈ ಹುಡುಗನ ದಿನದ ಅನ್ನವನ್ನು ಹಿಡಿದಿಟ್ಟ ಆ ಸಾಲು ಯಾವ ಪಠ್ಯದ ಕೊನೆಯ ಅಭ್ಯಾಸದಲ್ಲೂ ನಮಗೆ ಕಂಡಿಲ್ಲ.

ಪದ ಬಂದದ್ದಕ್ಕೆ ನಮಗೆ ಬೇಸರವಿಲ್ಲ. ಬರುವಾಗ ಅದು ಯಾರ ಜಾಗದಲ್ಲಿ ಕುಳಿತಿತು ಎಂಬುದನ್ನು ಮಾತ್ರ ನೋಡಬೇಕು. ನೆಂಟರು ಬಂದಿಳಿದರೆ ಕನ್ನಡದಲ್ಲಿ ಅವರನ್ನು ‘ಕರೆದುಕೊಂಡು ಬಾ’ ಎನ್ನುತ್ತೇವೆ. ಅದರಲ್ಲಿ ಮೊದಲು ಒಂದು ಕರೆ ಇದೆ. ಸಾಮಾನಾದರೆ ‘ತೆಗೆದುಕೊಂಡು ಬಾ’. ಮಗುವಾದರೆ ‘ಎತ್ತಿಕೊಂಡು ಬಾ’. ಕುರಿಯಾದರೆ ‘ಹಿಡಿದುಕೊಂಡು ಬಾ’. ಯಾರನ್ನು, ಯಾವುದನ್ನು ಎಂದು ತಿಳಿಯದೆ ಕನ್ನಡದಲ್ಲಿ ಈ ಕೆಲಸವನ್ನು ಹೇಳಲಿಕ್ಕೇ ಆಗದು. ದಖನಿಯಲ್ಲೂ ಅಷ್ಟೇ: ‘ಮಾಮೂ ಕು ಬುಲಾಕೋ ಲಾ.’ ಅಲ್ಲೂ ಮೊದಲು ಕರೆ, ಆಮೇಲೆ ತರುವುದು. ಈಗ ನಮ್ಮ ಮನೆಗಳಲ್ಲಿ ‘ಮಾಮೂ ಕು ಪಿಕಪ್ ಕರ್ಕೋ ಆ’ ಎನ್ನುತ್ತಾರೆ. ಇಲ್ಲೊಂದು ತಮಾಷೆ ಇದೆ. ದಖನಿಯಲ್ಲಿ ‘ಕರ್ಕೋ’ ಎಂದರೆ ‘ಮಾಡಿ’ ಎಂದಷ್ಟೇ. ಕನ್ನಡದ ಕಿವಿಗೆ ಅದು ‘ಕರ್ಕೊಂಡ್ ಬಾ’ ಎಂಬುದರ ‘ಕರ್ಕೊ’ ಆಗಿ ಕೇಳುತ್ತದೆ. ಹೋದ ಕರೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಂತೆ.

ಕೊಲ್ಲಿಯಿಂದ ಬರುವ ಮಗನನ್ನು ಕರೆತರಲು ಇಡೀ ಮನೆ ಒಂದು ವ್ಯಾನಿನಲ್ಲಿ ತುಂಬಿಕೊಂಡು ಹೋಗುತ್ತಿದ್ದ ಕಾಲವನ್ನು ನಾವು ಕಂಡಿದ್ದೇವೆ. ಈಗ ಮಗನೇ ‘ಯಾರೂ ಬರಬೇಡಿ, ಪಿಕಪ್ ಬುಕ್ ಮಾಡಿದ್ದೀನಿ’ ಎನ್ನುತ್ತಾನೆ. ಅನುಕೂಲವೇನೋ ಹೌದು. ನಡುರಾತ್ರಿ ಮುದುಕರು ಸೊಳ್ಳೆ ಹೊಡೆಯುತ್ತಾ ಕಾಯುವುದು ತಪ್ಪಿತು. ಆದರೂ ಹಜ್ ಯಾತ್ರೆಗೆ ಹೊರಟವರನ್ನು ನಮ್ಮಲ್ಲಿ ಇನ್ನೂ ಯಾರೂ ‘ಡ್ರಾಪ್ ಮಾಡುವುದಿಲ್ಲ’. ಅವರನ್ನು ‘ಕಳಿಸಿಕೊಟ್ಟು’ ಬರುತ್ತಾರೆ.

‘ಪಿಕಪ್’ಗೆ ಆಳೂ ಸರಕೂ ಒಂದೇ. ಕಸವೂ ಒಂದೇ. ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗ್ಗೆ ಕಸ ಪಿಕಪ್ ಆಗುತ್ತದೆ. ಪಿಕಪ್ ಆದದ್ದು ಎಲ್ಲಾದರೂ ಡ್ರಾಪ್ ಆಗಲೇಬೇಕಲ್ಲ. ಅದು ಬಹಳ ಕಾಲ ಡ್ರಾಪ್ ಆಗುತ್ತಿದ್ದದ್ದು ನಮ್ಮ ದಾರಿಯಲ್ಲೇ ಇರುವ ಮಂಡೂರಿನಲ್ಲಿ. ಆ ವರ್ಷಗಳಲ್ಲಿ ಕ್ರಾಸಿನಿಂದ ಬೂದಿಗೆರೆಗೆ ಬರುವ ಬಸ್ಸಿನಲ್ಲಿ ಮಂಡೂರು ಬಂತೆಂದು ಕಣ್ಣು ಮುಚ್ಚಿದವರಿಗೂ ತಿಳಿಯುತ್ತಿತ್ತು. 2014ರಲ್ಲಿ ಊರವರು ಹಟ ಹಿಡಿದು ರಸ್ತೆಗಿಳಿದ ಮೇಲೆ ಆ ವರ್ಷದ ಕೊನೆಗೆ ಸುರಿಯುವುದು ನಿಂತಿತು. ಪೇಟೆಯ ಬಾಗಿಲಲ್ಲಿ ನಿಂತು ‘ಕಸ ಪಿಕಪ್ ಆಯ್ತಾ?’ ಎಂದು ಕೇಳಿದವರ ವಾಕ್ಯದಲ್ಲಿ ಮಂಡೂರು ಇರಲೇ ಇಲ್ಲ.

ಇನ್ನು ಆ ದನಿ ತಗ್ಗಿಸಿದ ವಾಕ್ಯ. ‘ರಾತ್ರಿ ಅವನನ್ನ ಪಿಕಪ್ ಮಾಡಿದ್ರಂತೆ.’ ಮಾಡಿದವರು ಯಾರೆಂದು ವಾಕ್ಯದಲ್ಲಿಲ್ಲ, ಹೇಳಬೇಕಾಗಿಯೂ ಇಲ್ಲ, ಪೊಲೀಸರೆಂದು ಎಲ್ಲರಿಗೂ ಗೊತ್ತು. ಇದು ಒಂದು ಜಾತಿ ಮತದವರ ಮನೆಯ ಮಾತಷ್ಟೇ ಅಲ್ಲ. ಬಡವರ ಕೇರಿಗಳಲ್ಲೆಲ್ಲ ಈ ವಾಕ್ಯ ಗೊತ್ತಿರುತ್ತದೆ, ನಮ್ಮ ಕೇರಿಗಳಿಗೆ ಇನ್ನೂ ಸ್ವಲ್ಪ ಚೆನ್ನಾಗಿ ಗೊತ್ತು. ಇದಕ್ಕೆ ಕನ್ನಡದಲ್ಲಿ ‘ಎತ್ತಾಕ್ಕೊಂಡು ಹೋದ್ರು’ ಎಂಬ ಮಾತು ಮೊದಲೇ ಇತ್ತು. ಅದರಲ್ಲಿ ಒಂದು ಒರಟುತನ ಇತ್ತು, ಕೇಳಿದವರಿಗೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ‘ಪಿಕಪ್’ನಲ್ಲಿ ಅದು ಇಲ್ಲ. ಶಾಲೆಯ ವ್ಯಾನು ಮಗುವನ್ನು ಪಿಕಪ್ ಮಾಡಿದ ಹಾಗೆ, ಕೊರಿಯರಿನವನು ಪೊಟ್ಟಣ ಪಿಕಪ್ ಮಾಡಿದ ಹಾಗೆ ಅದೂ ಒಂದು.

ಕಾನೂನಿಗೆ ಗೊತ್ತಿರುವ ಪದ ‘ಬಂಧನ’. ಸಂವಿಧಾನದ 22ನೆಯ ವಿಧಿಯ ಪ್ರಕಾರ ಬಂಧಿಸಿದವರಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರು ಮಾಡಬೇಕು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಇನ್ನೂ ಬಿಡಿಸಿ ಹೇಳಿತು: ಬಂಧನದ ಹೊತ್ತಿಗೆ ದಿನಾಂಕ, ಸಮಯ ನಮೂದಿಸಿದ ಪತ್ರ ಬರೆಯಬೇಕು, ಅದಕ್ಕೆ ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಹಾಕಬೇಕು, ಬಂಧಿತನ ಸಹಿ ಇರಬೇಕು, ನೆಂಟರಿಗೋ ಗೆಳೆಯರಿಗೋ ಸುದ್ದಿ ಮುಟ್ಟಿಸಬೇಕು. ಬಂಧನಕ್ಕೆ ಇಷ್ಟು ಕಾಗದವಿದೆ. ಪಿಕಪ್‌ಗೆ ಯಾವ ಕಾಗದವೂ ಇಲ್ಲ. ‘ಅರೆಸ್ಟ್ ಏನೂ ಮಾಡಿಲ್ಲಮ್ಮ, ಸುಮ್ಮನೆ ಪಿಕಪ್ ಮಾಡಿದ್ದಾರೆ, ವಿಚಾರಿಸಿ ಕಳಿಸ್ತಾರೆ’ ಎಂದು ತಾಯಿಗೆ ಸಮಾಧಾನ ಹೇಳುವವರೂ ಇದೇ ಪದ ಬಳಸುತ್ತಾರೆ. ಆ ತಾಯಿಗೆ 24 ಗಂಟೆಯನ್ನು ಯಾವಾಗಿನಿಂದ ಎಣಿಸಬೇಕೆಂದೇ ತಿಳಿಯುವುದಿಲ್ಲ. ಹೀಗಾಗಿ ಈ ಒಂದು ವಾಕ್ಯದಲ್ಲಿ ಮಾತ್ರ ನಾವು ನಮ್ಮ ಮನೆಯ ಹುಡುಗರನ್ನು ತಡೆಯುತ್ತೇವೆ. ಪಿಕಪ್ ಅನ್ನಬೇಡಿ, ಹಿಡಿದುಕೊಂಡು ಹೋದರು ಅನ್ನಿ. ಎಷ್ಟು ಗಂಟೆಗೆ, ಯಾವ ಠಾಣೆಯವರು ಎಂದು ಅದರ ಹಿಂದೆಯೇ ಕೇಳಿ. ಭಾಷೆಯ ಮಡಿವಂತಿಕೆ ನಮಗಿಲ್ಲ, ಇದು ಗಡಿಯಾರದ ವಿಷಯ.

ನಮ್ಮ ಪದಗಳೇನು ಮಹಾ ಸ್ಪಷ್ಟ ಎಂದು ಕೇಳುವವರಿದ್ದಾರೆ. ಕೇಳಲಿ. ಇಂಗ್ಲಿಷು ಕ್ರಿಯೆಯ ಹಿಂದೆ ಬಾಲ ಕಟ್ಟಿದರೆ ಕನ್ನಡ ಕ್ರಿಯೆಯ ಮುಂದೆ ಕೈ ಇಡುತ್ತದೆ. ಕೈಗೊಳ್ಳು, ಕೈಹಿಡಿ, ಕೈಕೊಡು, ಕೈಬಿಡು. ಕೈಹಿಡಿದರೆ ಮದುವೆಯೂ ಹೌದು, ಆಸರೆಯೂ ಹೌದು. ಕೈಕೊಟ್ಟರೆ ಮೋಸ. ಹೊರಗಿನವರು ಕನ್ನಡ ಕಲಿಯಲು ಕೂತರೆ ನಮ್ಮ ಮೇಷ್ಟ್ರ ಎರಡು ಸಾಲಿನ ಪಟ್ಟಿ ಅವರಿಗೂ ಬೇಕಾಗುತ್ತದೆ.

ಅದರಲ್ಲೂ ‘ಕೈಬಿಡು’ ಎಂಬುದು ನಮ್ಮ ತಾಲೂಕಿನವರು ಚೆನ್ನಾಗಿ ತೂಗಿ ನೋಡಿದ ಪದ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆಂದು ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಹೊರಟಾಗ ರೈತರು 2022ರ ಏಪ್ರಿಲಿನಲ್ಲಿ ಧರಣಿ ಕುಳಿತರು. ಮೂರು ವರ್ಷಕ್ಕೂ ಹೆಚ್ಚು ಕಾಲ ಎದ್ದೇಳಲಿಲ್ಲ. ಸರ್ಕಾರ ಬದಲಾಯಿತು, ಧರಣಿ ಬದಲಾಗಲಿಲ್ಲ. 2025ರ ಜುಲೈ 15ರಂದು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪ್ರಕಟಿಸಿದರು. ಆ ಕಡೆಯ ಹಳ್ಳಿಯಲ್ಲಿರುವ ನಮ್ಮ ಹಳೆಯ ಗೆಳೆಯರೊಬ್ಬರಿಗೆ ನಾವು ಮಧ್ಯಾಹ್ನದಿಂದ ಫೋನು ಮಾಡುತ್ತಲೇ ಇದ್ದೆವು. ಸಂಜೆಯ ಹೊತ್ತಿಗೆ ಎತ್ತಿದರು. ಹಿಂದೆ ಬಹಳ ಗದ್ದಲ.

‘ಕೈಬಿಟ್ಟರಂತೆ’ ಎಂದರು.

ಯೋಜನೆಯನ್ನೋ, ನಿಮ್ಮನ್ನೋ ಎಂದು ನಾವು ಎರಡು ಸಲ ಕೂಗಿ ಕೇಳಬೇಕಾಯಿತು.